ಮೀನಿನ ತೊಟ್ಟಿಯ ನೀರು: ಬದಲಿಸುವುದು ಹೇಗೆ, ಹದಗೊಳಿಸುವುದು ಹೇಗೆ?

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ನಮ್ಮ ನಗರಗಳಲ್ಲಿಯೂ ಪಟ್ಟಣಗಳಲ್ಲಿಯೂ ಸಾಕಷ್ಟು ಹರಡಿದೆ. ಹೊಸದಾಗಿ ಇದಕ್ಕೆ ಕೈಹಾಕಿದವರ ಮನೆಗಳಲ್ಲಿ ಒಂದು ದುಃಖದ ಪ್ರಸಂಗ ಮೇಲಿಂದ ಮೇಲೆ ನಡೆಯುವುದುಂಟು. ಕೆಲವು ವಾರಗಳು ಕಳೆಯುವಷ್ಟರಲ್ಲಿ ಗಾಜಿಗೆ ಪಾಚಿ ಕಟ್ಟುತ್ತದೆ. ನೀರು ತುಸು ಹಳದಿಗೆ ತಿರುಗುತ್ತದೆ. ಮನೆಯ ಹುಡುಗರು ಭಾನುವಾರ ಬೆಳಗ್ಗೆ ಬಹು ಶ್ರದ್ಧೆಯಿಂದ ಮೀನುಗಳನ್ನು ಹಿಡಿದು ಬೋಗುಣಿಗೆ ಹಾಕಿ, ಹಳೆಯ ನೀರನ್ನೆಲ್ಲ ಚೆಲ್ಲಿ, ಗಾಜು, ಮರಳು, ಕಲ್ಲು, ಶೋಧಕದ ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ತೊಟ್ಟಿಗೆ ಹೊಸ ನೀರು ತುಂಬಿ ಮೀನುಗಳನ್ನು ಬಿಡುತ್ತಾರೆ. ಸಂಜೆಯ ಹೊತ್ತಿಗೆ ಮೀನುಗಳು ಮೇಲ್ಮೈಗೆ ಬಂದು ಏದುಸಿರು ಬಿಡತೊಡಗುತ್ತವೆ; ಮುಂದಿನ ಕೆಲವು ದಿನಗಳಲ್ಲಿ ಒಂದೊಂದಾಗಿ ಸಾಯುತ್ತವೆ. ಅಂಗಡಿಯವನು ಕೆಟ್ಟ ಮೀನು ಕೊಟ್ಟನೆಂದು ಮನೆಯವರು ತೀರ್ಮಾನಿಸುತ್ತಾರೆ.

ವಾಸ್ತವವಾಗಿ ಮೀನಿನಲ್ಲಿ ದೋಷವಿರಲಿಲ್ಲ, ಹುಡುಗರಲ್ಲಿ ಅಲಕ್ಷ್ಯವೂ ಇರಲಿಲ್ಲ. ಕೊಳೆಯಾದ ನೀರಿನಲ್ಲಿ ಬದುಕಿದ್ದ ಮೀನು ಶುಭ್ರವಾದ ನೀರಿನಲ್ಲಿ ಸತ್ತುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟರೆ, ಪ್ರೌಢಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರವೂ ಭೌತಶಾಸ್ತ್ರವೂ ಎಷ್ಟು ಉಪಯುಕ್ತವೆಂಬುದು ಮನವರಿಕೆಯಾಗುತ್ತದೆ. ಮೀನನ್ನು ಸಾಕುವುದೆಂದರೆ ಮೊದಲು ನೀರನ್ನು ಸಾಕುವುದು ಎಂದು ಹೇಳಿದರೆ ಉತ್ಪ್ರೇಕ್ಷೆಯಾಗದು.

ಎರಡು ಬಗೆಯ ನೀರು

ನೀರೆಂದರೆ ಜಲಜನಕ ಆಮ್ಲಜನಕಗಳ ಸಂಯುಕ್ತವೆಂದು ನಾವು ಪಾಠದಲ್ಲಿ ಓದುತ್ತೇವೆ. ಆದರೆ ಅಂಥ ಬರಿಯ ನೀರು ಪ್ರಯೋಗಶಾಲೆಯ ಸೀಸೆಯಲ್ಲಲ್ಲದೆ ಬೇರೆಲ್ಲಿಯೂ ಸುಲಭವಾಗಿ ಸಿಕ್ಕದು. ನಲ್ಲಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವುಗಳ ಲವಣಗಳು, ಕರಗಿದ ಅನಿಲಗಳು, ರೋಗಾಣುಗಳನ್ನು ಕೊಲ್ಲಲು ಬೆರಸಿದ ಕ್ಲೋರಿನ್ ಇವೆಲ್ಲ ಇರುತ್ತವೆ. ಅದೇ ನೀರು ತೊಟ್ಟಿಯಲ್ಲಿ ಕೆಲವು ವಾರ ನಿಂತಮೇಲೆ ಬೇರೆಯೇ ಒಂದು ದ್ರಾವಣವಾಗುತ್ತದೆ. ಕ್ಲೋರಿನ್ ಹೋಗಿರುತ್ತದೆ, ಮೀನು ವಿಸರ್ಜಿಸಿದ ವಸ್ತುಗಳು ಸೇರಿರುತ್ತವೆ, ಆಮ್ಲತೆ ವ್ಯತ್ಯಾಸಗೊಂಡಿರುತ್ತದೆ. ಎರಡೂ ಕಣ್ಣಿಗೆ ಒಂದೇ ರೀತಿ ಕಾಣಬಹುದು. ತಿಳಿಯಾಗಿದೆ ಎಂದಮಾತ್ರಕ್ಕೆ ನೀರು ಮೀನಿಗೆ ಹಿತವಾಗಿದೆ ಎಂದು ಅರ್ಥವಲ್ಲ.

ಮೀನಿನ ಸ್ಥಿತಿ ನಮ್ಮದಕ್ಕಿಂತ ನಾಜೂಕಾದುದು. ನಾವು ನೀರನ್ನು ಕುಡಿಯುತ್ತೇವೆ, ಅಷ್ಟೆ. ಮೀನಾದರೋ ಅದರಲ್ಲಿಯೇ ಉಸಿರಾಡುತ್ತದೆ. ಅದರ ಕಿವಿರುಗಳಲ್ಲಿ ರಕ್ತವನ್ನೂ ನೀರನ್ನೂ ಬೇರ್ಪಡಿಸುವುದು ಅತ್ಯಂತ ತೆಳುವಾದ ಒಂದು ಪೊರೆ ಮಾತ್ರ. ಸಿಹಿನೀರಿನ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಹೆಚ್ಚು ಲವಣಗಳಿರುವುದರಿಂದ ನೀರು ಈ ಪೊರೆಯ ಮೂಲಕ ಎಡೆಬಿಡದೆ ಒಳಕ್ಕೆ ನುಗ್ಗುತ್ತಲೇ ಇರುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಉಬ್ಬುವುದಷ್ಟೆ. ಇಲ್ಲಿ ನಡೆಯುವುದೂ ಅದೇ ಬಗೆಯ ಕ್ರಿಯೆ. ಮೀನು ತೆಳುವಾದ ಮೂತ್ರವನ್ನು ಧಾರಾಳವಾಗಿ ವಿಸರ್ಜಿಸಿ, ಕಳೆದುಹೋದ ಲವಣಗಳನ್ನು ಕಿವಿರುಗಳಿಂದ ಮತ್ತೆ ಹೀರಿಕೊಂಡು ಸಮತೋಲವನ್ನು ಕಾಪಾಡಿಕೊಳ್ಳುತ್ತದೆ. ಹೊರಗಿನ ನೀರಿನ ಲವಣಾಂಶ ನಿಧಾನವಾಗಿ ಬದಲಾದರೆ ಮೀನು ಅದಕ್ಕೆ ಹೊಂದಿಕೊಳ್ಳಬಲ್ಲುದು. ಅರ್ಧ ಗಂಟೆಯೊಳಗೆ ಬದಲಾದರೆ ಅದಕ್ಕೆ ಅವಕಾಶವೇ ಇರುವುದಿಲ್ಲ.

ಕಣ್ಣಿಗೆ ಕಾಣದ ಕೆಲಸಗಾರರು

ಹಾಗಾದರೆ ನೀರನ್ನು ಬದಲಿಸದೆಯೇ ಇಟ್ಟರೆ ಆಗದೆ? ಹೀಗೆ ಯೋಚಿಸಿದವರೂ ಉಂಟು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಒಂದು ದೊಡ್ಡ ಗಾಜಿನ ಪಾತ್ರೆಯಲ್ಲಿ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ, ಕೊಳೆತ ಎಲೆಗಳನ್ನು ತಿನ್ನಲು ಬಸವನಹುಳುಗಳನ್ನೂ ಒಟ್ಟಿಗೆ ಇಟ್ಟು, ಅವು ಪರಸ್ಪರ ಆಶ್ರಯದಿಂದ ಬದುಕಬಲ್ಲುವೆಂದು 1850ರಲ್ಲಿ ವರದಿ ಮಾಡಿದನು. ಗಿಡವು ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ ಎಂಬುದು ಅವನ ವಿವರಣೆ. ಮನೆಯಲ್ಲಿ ಮೀನು ಸಾಕುವ ಹವ್ಯಾಸಕ್ಕೆ ಇದು ದೊಡ್ಡ ಪ್ರೋತ್ಸಾಹವಾಯಿತು. ಸಮತೋಲ ಸಾಧಿಸಿದ ತೊಟ್ಟಿಗೆ ಹೊಸ ನೀರೇ ಬೇಡವೆಂಬ ನಂಬಿಕೆಯೂ ಇದರ ಜೊತೆಗೆ ಬೆಳೆಯಿತು.

ಆದರೆ ಆಮ್ಲಜನಕದ ಲೆಕ್ಕ ಸರಿಹೋದಮಾತ್ರಕ್ಕೆ ತೊಟ್ಟಿಯ ಲೆಕ್ಕ ಮುಗಿಯಲಿಲ್ಲ. ಮೀನು ತಿಂದ ಆಹಾರದಲ್ಲಿರುವ ಸಾರಜನಕದ ಬಹುಭಾಗವು ಅಮೋನಿಯದ ರೂಪದಲ್ಲಿ ಕಿವಿರುಗಳ ಮೂಲಕ ಹೊರಬೀಳುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯವೇ ಹುಟ್ಟುತ್ತದೆ. ಇದು ಮೀನಿಗೆ ವಿಷ. ಕೆರೆಯಲ್ಲಿ ಲಕ್ಷಾಂತರ ಲೀಟರು ನೀರು ಈ ವಿಷವನ್ನು ತೆಳುಗೊಳಿಸುತ್ತದೆ. ತೊಟ್ಟಿಯಲ್ಲಿ ಅದು ಸಂಚಯವಾಗುತ್ತದೆ.

ಈ ಲೆಕ್ಕದ ಎಳೆಯನ್ನು ಹಿಡಿದವರಲ್ಲಿ ಅದೇ ವಾರಿಂಗ್‌ಟನ್ನನ ಮಗನೂ ಒಬ್ಬನೆಂಬುದು ಸ್ವಾರಸ್ಯದ ಸಂಗತಿ. ತಂದೆಯ ಹೆಸರನ್ನೇ ಹೊಂದಿದ್ದ ಈತ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದನು. ಅಮೋನಿಯವನ್ನು ನೈಟ್ರೇಟನ್ನಾಗಿ ಮಾಡುವುದು ಸೂಕ್ಷ್ಮಜೀವಿಗಳೆಂದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ 1877ರಲ್ಲಿ ತೋರಿಸಿಕೊಟ್ಟಿದ್ದರು. ಈ ಕ್ರಿಯೆ ಎರಡು ಹಂತಗಳಲ್ಲಿ ನಡೆಯುತ್ತದೆಂದು ಕಿರಿಯ ವಾರಿಂಗ್‌ಟನ್ ಕಂಡುಕೊಂಡನು: ಮೊದಲು ಅಮೋನಿಯ ನೈಟ್ರೈಟಾಗುತ್ತದೆ, ಅನಂತರ ನೈಟ್ರೈಟು ನೈಟ್ರೇಟಾಗುತ್ತದೆ. ಆ ಜೀವಿಗಳನ್ನು ಬೇರ್ಪಡಿಸುವ ಕೆಲಸದಲ್ಲಿ 1890ರ ಸುಮಾರಿಗೆ ಯಶಸ್ವಿಯಾದವನು ರಷ್ಯದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ. ಎರಡೂ ಹಂತಗಳನ್ನು ಒಂದೇ ಜೀವಿ ನಡೆಸಬಲ್ಲುದೆಂಬುದು 2015ರಲ್ಲಿ ತಿಳಿದುಬಂದಿತು. ಅಂಥ ಒಂದು ಜೀವಿ ಸಿಕ್ಕಿದ್ದು ಮೀನು ಸಾಕಣೆಯ ನೀರನ್ನು ಸೋಸುವ ಶೋಧಕದಲ್ಲಿಯೇ.

ಅಮೋನಿಯದಂತೆ ನೈಟ್ರೈಟೂ ವಿಷವೇ. ಅದು ರಕ್ತದ ಹೀಮೊಗ್ಲೋಬಿನ್ನನ್ನು ಮಾರ್ಪಡಿಸಿ ಆಮ್ಲಜನಕವನ್ನು ಒಯ್ಯದಂತೆ ಮಾಡುತ್ತದೆ. ಮೂರನೆಯದಾದ ನೈಟ್ರೇಟು ಇವುಗಳಿಗೆ ಹೋಲಿಸಿದರೆ ಬಹಳ ಸೌಮ್ಯ. ಈ ಕೆಲಸವನ್ನು ನಡೆಸುವ ಬ್ಯಾಕ್ಟೀರಿಯಗಳು ನೀರಿನಲ್ಲಿ ತೇಲುತ್ತಿರುವುದು ಸ್ವಲ್ಪವೇ. ಬಹುಪಾಲು ಮರಳಿನ ಕಣಗಳಿಗೆ, ಕಲ್ಲಿಗೆ, ಗಾಜಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಶೋಧಕದ ಸ್ಪಂಜಿಗೆ ಅಂಟಿಕೊಂಡು ವಾಸಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಸಂಖ್ಯೆಗೆ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಭಾನುವಾರದ ಶುಚಿತ್ವದಲ್ಲಿ ನಲ್ಲಿಯ ಕ್ಲೋರಿನ್ ನೀರಿನಿಂದ ತಿಕ್ಕಿ ತೊಳೆದುಹಾಕಿದ್ದು ಈ ಕೆಲಸಗಾರರನ್ನು. ಆ ಸಂಜೆಯಿಂದ ಅಮೋನಿಯ ಹುಟ್ಟುತ್ತಲೇ ಇತ್ತು. ಅದನ್ನು ಕಳೆಯುವವರು ಯಾರೂ ಇರಲಿಲ್ಲ.

ಎಷ್ಟು ಬದಲಿಸಬೇಕು?

ಬ್ಯಾಕ್ಟೀರಿಯಗಳು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದರೂ ಕೊನೆಯಲ್ಲಿ ನೈಟ್ರೇಟು ಉಳಿಯುತ್ತದೆ. ಗಿಡಗಳು ಅದರಲ್ಲಿ ಸ್ವಲ್ಪ ಭಾಗವನ್ನು ಹೀರಿಕೊಳ್ಳಬಹುದು. ಮಿಕ್ಕದ್ದು ಕೂಡುತ್ತ ಹೋಗುತ್ತದೆ. ಅದನ್ನು ಹೊರಹಾಕಲು ಸುಲಭವಾದ ಮಾರ್ಗವೇ ನೀರಿನ ಬದಲಾವಣೆ. ಆವಿಯಾಗಿ ಕಡಮೆಯಾದಷ್ಟು ನೀರನ್ನು ಮೇಲಿಂದ ಸುರಿದರೆ ಬದಲಿಸಿದಂತಾಗದು. ಆವಿಯಾಗುವುದು ನೀರು ಮಾತ್ರ. ಲವಣಗಳೂ ನೈಟ್ರೇಟೂ ತೊಟ್ಟಿಯಲ್ಲಿಯೇ ಉಳಿಯುತ್ತವೆ, ಹೊಸ ನೀರಿನೊಡನೆ ಇನ್ನಷ್ಟು ಲವಣ ಬಂದು ಸೇರುತ್ತದೆ.

ಒಂದು ಲೆಕ್ಕವನ್ನು ಮಾಡೋಣ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಯ ಘನಗಾತ್ರ 54 ಲೀಟರು. ಮರಳು, ಕಲ್ಲು, ಮೇಲೆ ಬಿಟ್ಟ ತೆರವು ಇವನ್ನು ಕಳೆದರೆ ಸುಮಾರು 40 ಲೀಟರು ನೀರು ಹಿಡಿಯುತ್ತದೆನ್ನೋಣ. ವಾರಕ್ಕೆ ಪ್ರತಿ ಲೀಟರಿನಲ್ಲಿ 10 ಮಿಲಿಗ್ರಾಂ ನೈಟ್ರೇಟು ಹೆಚ್ಚುತ್ತದೆಂದೂ ಹೊಸ ನೀರಿನಲ್ಲಿ ನೈಟ್ರೇಟು ಇಲ್ಲವೆಂದೂ ಭಾವಿಸೋಣ. ವಾರಕ್ಕೊಮ್ಮೆ ಕಾಲುಭಾಗ, ಎಂದರೆ 10 ಲೀಟರನ್ನು ಬದಲಿಸುತ್ತ ಹೋದರೆ, ಕೆಲವು ತಿಂಗಳಲ್ಲಿ ನೈಟ್ರೇಟು ಒಂದು ನೆಲೆಗೆ ಬಂದು ನಿಲ್ಲುತ್ತದೆ: ಬದಲಿಸುವ ಮುನ್ನ ಲೀಟರಿಗೆ 40 ಮಿಲಿಗ್ರಾಂ, ಬದಲಿಸಿದ ಮೇಲೆ 30, ಮುಂದಿನ ವಾರಕ್ಕೆ ಮತ್ತೆ 40. ಹತ್ತನೆಯ ಒಂದು ಭಾಗವನ್ನಷ್ಟೇ ಬದಲಿಸಿದರೆ ಈ ನೆಲೆ 100ಕ್ಕೆ ಏರುತ್ತದೆ. ಅರ್ಧವನ್ನು ಬದಲಿಸಿದರೆ 20ಕ್ಕೆ ಇಳಿಯುತ್ತದೆ. ಆದರೆ ಪ್ರತಿವಾರವೂ ಮೀನು ಎದುರಿಸಬೇಕಾದ ಏರಿಳಿತದ ಪ್ರಮಾಣ ಹೆಚ್ಚು. ಹೊಸಬರಿಗೆ ವಾರಕ್ಕೊಮ್ಮೆ ಕಾಲುಭಾಗ ಎಂಬ ಸೂತ್ರವೇ ಕ್ಷೇಮ. ತುಂಬುವ ನೀರಿನಲ್ಲಿಯೇ ನೈಟ್ರೇಟು ಇದ್ದರೆ ಅದನ್ನೂ ಈ ಲೆಕ್ಕಕ್ಕೆ ಕೂಡಿಸಬೇಕು.

ಇದೇ ಲೆಕ್ಕದಿಂದ ಅಲಕ್ಷಿಸಿದ ತೊಟ್ಟಿಯ ಸ್ಥಿತಿಯೂ ಅರ್ಥವಾಗುತ್ತದೆ. ಒಂದು ವರ್ಷ ನೀರನ್ನು ಬದಲಿಸದಿದ್ದರೆ ನೈಟ್ರೇಟು ಲೀಟರಿಗೆ 500 ಮಿಲಿಗ್ರಾಂ ದಾಟಬಹುದು. ಆ ನೀರಿಗೆ ಮೆಲ್ಲಮೆಲ್ಲನೆ ಒಗ್ಗಿಕೊಂಡ ಮೀನನ್ನು ಒಂದೇ ಸಲ ಹೊಸ ನೀರಿಗೆ ಹಾಕುವುದು ಅಪಾಯ. ದಿನ ಬಿಟ್ಟು ದಿನ ಹತ್ತನೆಯ ಒಂದು ಭಾಗವನ್ನು ಬದಲಿಸಿದರೆ, ಹತ್ತು ಬದಲಾವಣೆಗಳ ಅನಂತರ ಹಳೆಯ ನೀರಿನ ಅಂಶ ನೂರಕ್ಕೆ 35ರಷ್ಟು ಮಾತ್ರ ಉಳಿದಿರುತ್ತದೆ. ಮೂರು ವಾರದಲ್ಲಿ ಮುಗಿಯುವ ಈ ಕೆಲಸವನ್ನು ಮೂರು ಗಂಟೆಯಲ್ಲಿ ಮುಗಿಸಲು ಆತುರಪಡಬಾರದು.

ಆಮ್ಲತೆಯ ಮೋಸ

ಹಳೆಯ ತೊಟ್ಟಿಯಲ್ಲಿ ಇನ್ನೂ ಒಂದು ಅಪಾಯ ಅಡಗಿದೆ. ನೀರಿನ ಆಮ್ಲತೆಯನ್ನು ಪಿಎಚ್ ಅಂಕದಿಂದ ಸೂಚಿಸುತ್ತಾರೆ. 7 ತಟಸ್ಥ, ಅದಕ್ಕಿಂತ ಕಡಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ. ಒಂದು ಅಂಕ ವ್ಯತ್ಯಾಸವಾದರೆ ಆಮ್ಲತೆ ಹತ್ತು ಪಟ್ಟು ವ್ಯತ್ಯಾಸವಾಗುತ್ತದೆಂಬುದನ್ನು ನೆನಪಿನಲ್ಲಿಡಬೇಕು. ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವಾಗ ಆಮ್ಲವೂ ಉತ್ಪನ್ನವಾಗುತ್ತದೆ. ಮೊದಮೊದಲು ನೀರಿನ ಬೈಕಾರ್ಬೊನೇಟು ಈ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಅದು ಮುಗಿದಮೇಲೆ ಪಿಎಚ್ ಇಳಿಯತೊಡಗುತ್ತದೆ; ತುಂಬ ಇಳಿದರೆ ಬ್ಯಾಕ್ಟೀರಿಯಗಳ ಕೆಲಸವೂ ಕುಂಠಿತವಾಗಿ ಅಮೋನಿಯ ಉಳಿಯತೊಡಗುತ್ತದೆ.

ಅಚ್ಚರಿಯೆಂದರೆ ಅಂಥ ನೀರಿನಲ್ಲಿಯೂ ಮೀನು ಸಾಯದೆ ಇರಬಹುದು. ಅಮೋನಿಯವು ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಜಲಜನಕದ ಅಯಾನನ್ನು ಸೇರಿಸಿಕೊಂಡ ಅಮೋನಿಯಂ ಹೆಚ್ಚು ಹಾನಿಕರವಲ್ಲ. ಸ್ವತಂತ್ರವಾದ ಅಮೋನಿಯವಾದರೋ ಕಿವಿರನ್ನು ಸುಲಭವಾಗಿ ದಾಟುವ ತೀವ್ರ ವಿಷ. ಇವುಗಳ ಪ್ರಮಾಣವನ್ನು ನಿರ್ಧರಿಸುವುದು ಪಿಎಚ್ ಮತ್ತು ಉಷ್ಣತೆ. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಪಿಎಚ್ 6.5 ಇದ್ದಾಗ ವಿಷರೂಪದ ಪಾಲು ನೂರಕ್ಕೆ 0.2ರಷ್ಟು, 8 ಇದ್ದಾಗ ನೂರಕ್ಕೆ 5ಕ್ಕಿಂತ ಹೆಚ್ಚು, 9 ಇದ್ದಾಗ ನೂರಕ್ಕೆ 36ರಷ್ಟು.

ಈಗ ಪಿಎಚ್ 6.5ಕ್ಕೆ ಇಳಿದ, ಲೀಟರಿಗೆ 2 ಮಿಲಿಗ್ರಾಂ ಅಮೋನಿಯ ಇರುವ ತೊಟ್ಟಿಯ ಅರ್ಧ ನೀರನ್ನು ತೆಗೆದು ಕ್ಷಾರೀಯವಾದ ಕೊಳವೆಬಾವಿಯ ನೀರನ್ನು ತುಂಬಿದೆವೆನ್ನೋಣ. ಮಿಶ್ರಣದ ಪಿಎಚ್ 8ಕ್ಕೆ ಏರಿತೆನ್ನೋಣ. ಒಟ್ಟು ಅಮೋನಿಯ ಅರ್ಧಕ್ಕೆ ಇಳಿಯಿತು, ನಿಜ. ಆದರೆ ವಿಷರೂಪದ ಅಮೋನಿಯ 0.0036 ಮಿಲಿಗ್ರಾಮಿನಿಂದ 0.053 ಮಿಲಿಗ್ರಾಮಿಗೆ, ಎಂದರೆ ಸುಮಾರು 15 ಪಟ್ಟು ಏರಿತು! ನೀರು ಅರ್ಧದಷ್ಟು ಶುದ್ಧವಾಯಿತೆಂದು ನಾವು ತಿಳಿದೆವು. ಮೀನಿನ ಪಾಲಿಗೆ ಅದು ಹದಿನೈದು ಪಟ್ಟು ವಿಷವಾಯಿತು. ಬಹಳ ಕಾಲ ಬದಲಿಸದ ನೀರನ್ನು ಒಮ್ಮೆಗೇ ಬದಲಿಸಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿಲ್ಲ.

ನೀರಿನ ಗುಣ ಊರಿಂದೂರಿಗೆ ಬೇರೆ. ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡುಸು. ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಮೆದು, ಎಷ್ಟೋ ಕಡೆ ತುಸು ಆಮ್ಲೀಯ. ಬೆಂಗಳೂರಿನ ಅನೇಕ ಮನೆಗಳಲ್ಲಿ ಕಾವೇರಿಯ ನೀರೂ ಕೊಳವೆಬಾವಿಯ ನೀರೂ ಒಂದೇ ಸಂಪಿಗೆ ಬಂದು ಬೀಳುತ್ತವೆ. 2024ರ ಬೇಸಗೆಯಲ್ಲಿ ನೀರಿನ ಅಭಾವವುಂಟಾದಾಗ ಟ್ಯಾಂಕರಿನ ನೀರನ್ನು ಅವಲಂಬಿಸಿದ ಮನೆಗಳೂ ಬಹಳ. ಆದುದರಿಂದ ಕಳೆದ ವಾರ ನಲ್ಲಿಯಲ್ಲಿ ಬಂದ ನೀರೇ ಈ ವಾರವೂ ಬರುತ್ತದೆಂಬ ಭರವಸೆಯಿಲ್ಲ. ಮೂಲ ಬದಲಾಗಿದೆಯೆಂದು ಅನುಮಾನ ಬಂದರೆ ಪಿಎಚ್ ಕಾಗದದಿಂದ ಪರೀಕ್ಷಿಸಿ, ವ್ಯತ್ಯಾಸ ಹೆಚ್ಚಾಗಿದ್ದರೆ ಆ ವಾರ ಬದಲಿಸುವ ಪ್ರಮಾಣವನ್ನು ತಗ್ಗಿಸಬೇಕು. ಮೀನನ್ನು ಕೊಳ್ಳುವಾಗಲೂ ನಮ್ಮ ಊರಿನ ನೀರಿಗೆ ಒಗ್ಗುವ ಜಾತಿಯನ್ನು ಆರಿಸುವುದು ಜಾಣತನ. ಗಪ್ಪಿ, ಮಾಲಿ, ಪ್ಲಾಟಿ ಮೀನುಗಳಿಗೆ ಗಡುಸು ನೀರು ಹಿತ. ನಿಯಾನ್ ಟೆಟ್ರಕ್ಕೆ ಮೆದು ನೀರು ಬೇಕು.

ಕ್ಲೋರಿನ್ನಿನ ನಿವಾರಣೆ

ಕುಡಿಯುವ ನೀರಿಗೆ ಕ್ಲೋರಿನ್ನನ್ನು ನಿರಂತರವಾಗಿ ಬೆರಸುವ ಪದ್ಧತಿ ಅಮೆರಿಕದಲ್ಲಿ ಮೊದಲು ಜರ್ಸಿ ಸಿಟಿಯಲ್ಲಿ 1908ರಲ್ಲಿ ಪ್ರಾರಂಭವಾಯಿತು. ನೀರಿನಿಂದ ಹರಡುವ ಕಾಲರಾ, ವಿಷಮಶೀತ ಜ್ವರಗಳನ್ನು ಹತೋಟಿಗೆ ತರುವುದರಲ್ಲಿ ಈ ಪದ್ಧತಿಯ ಪಾತ್ರ ಬಹು ದೊಡ್ಡದು. ಭಾರತೀಯ ಮಾನಕದ ಪ್ರಕಾರ, ಕ್ಲೋರಿನ್ ಬೆರಸಿದ ಕುಡಿಯುವ ನೀರು ಬಳಕೆದಾರರನ್ನು ತಲಪುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ರಕ್ಷಣೆಯಾದ ಈ ಪ್ರಮಾಣ ಮೀನಿಗೆ ಮಾರಕ. ಸಿಹಿನೀರಿನ ಜೀವಿಗಳಿಗೆ ಅಲ್ಪಕಾಲದ ಮಟ್ಟಿಗೆ ಸಹ್ಯವೆಂದು ಅಮೆರಿಕದ ಪರಿಸರ ಸಂರಕ್ಷಣ ಸಂಸ್ಥೆ ಗೊತ್ತುಮಾಡಿರುವ ಮಿತಿ ಲೀಟರಿಗೆ 0.019 ಮಿಲಿಗ್ರಾಂ, ಎಂದರೆ ಅದರ ಹತ್ತನೆಯ ಒಂದು ಭಾಗ. ಕ್ಲೋರಿನ್ ಕಿವಿರುಗಳ ನವಿರಾದ ಪೊರೆಯನ್ನು ಸುಡುತ್ತದೆ. ಶೋಧಕದ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತದೆ.

ಇದನ್ನು ನಿವಾರಿಸಲು ಎರಡು ಉಪಾಯಗಳುಂಟು. ಮೊದಲನೆಯದು, ಅಗಲವಾದ ಬಾಯಿಯ ಪಾತ್ರೆಯಲ್ಲಿ ನೀರನ್ನು ಒಂದು ಇಡೀ ದಿನವಾದರೂ ತೆರೆದಿಡುವುದು. ಗಾಳಿ ಬೆಳಕುಗಳ ಸಂಪರ್ಕದಿಂದ ಕ್ಲೋರಿನ್ ಕ್ರಮೇಣ ನಶಿಸುತ್ತದೆ. ಆಳವಾದ ಪೀಪಾಯಿಗಿಂತ ಅಗಲವಾದ ಟಬ್ಬಿನಲ್ಲಿ ಇದು ಬೇಗ ಆಗುತ್ತದೆ. ಗಾಳಿಯ ಪಂಪನ್ನು ಹಾಕಿದರೆ ಇನ್ನೂ ಬೇಗ. ಬ್ಲೀಚಿಂಗ್ ಪುಡಿಯನ್ನು ಆಗತಾನೆ ಹಾಕಿದ ಬಾವಿ, ಟ್ಯಾಂಕುಗಳ ನೀರಿಗೆ ಒಂದು ದಿನ ಸಾಲದು.

ಎರಡನೆಯದು ರಾಸಾಯನಿಕ ಉಪಾಯ. ಛಾಯಾಚಿತ್ರಗಾರರು ಹೈಪೊ ಎಂದು ಕರೆಯುವ ಸೋಡಿಯಂ ಥಯೊಸಲ್ಫೇಟು ಕ್ಲೋರಿನ್ನನ್ನು ತಕ್ಷಣ ನಿಷ್ಕ್ರಿಯಗೊಳಿಸುತ್ತದೆ. ಒಂದು ಪಾಲು ಕ್ಲೋರಿನ್ನಿಗೆ ತೂಕದಲ್ಲಿ ಏಳು ಪಾಲು ಹೈಪೊ ಹರಳು ಧಾರಾಳವಾಗಿ ಸಾಕು. 10 ಗ್ರಾಂ ಹರಳನ್ನು 1 ಲೀಟರು ನೀರಿನಲ್ಲಿ ಕರಗಿಸಿಟ್ಟುಕೊಂಡರೆ ಅದರ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಹೈಪೊ ಇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ 10 ಲೀಟರಿನ ಬಕೆಟ್ಟಿಗೆ ಇದರ 7 ಮಿಲಿಲೀಟರನ್ನು ಹಾಕಿ ಕದಡಿದರೆ ಸಾಕು. ಪ್ರಮಾಣ ತುಸು ಹೆಚ್ಚಾದರೂ ಬಾಧಕವಿಲ್ಲ. ದ್ರಾವಣವನ್ನು ಕಂದುಬಣ್ಣದ ಸೀಸೆಯಲ್ಲಿಟ್ಟು ತಿಂಗಳಿಗೊಮ್ಮೆ ಹೊಸದಾಗಿ ಮಾಡಿಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ದೊರಕುವ, ನೀರನ್ನು ಹದಗೊಳಿಸುವ ದ್ರಾವಣಗಳಲ್ಲಿ ಬಹಳವುಗಳ ಮುಖ್ಯ ಅಂಶವೂ ಇದೇ. ಅವನ್ನು ಸೀಸೆಯ ಮೇಲೆ ಬರೆದಿರುವ ಪ್ರಮಾಣದಲ್ಲಿಯೇ ಉಪಯೋಗಿಸಬೇಕು. ಹೊರದೇಶಗಳ ಕೆಲವು ನಗರಗಳಲ್ಲಿ ಕ್ಲೋರಿನ್ನಿಗೆ ಬದಲಾಗಿ ಕ್ಲೋರಮೀನನ್ನು ಬೆರಸುತ್ತಾರೆ. ಅದು ತೆರೆದಿಟ್ಟರೆ ಸುಲಭವಾಗಿ ಹೋಗದು. ಹೈಪೊ ಹಾಕಿದರೆ ಕ್ಲೋರಿನ್ ನಿವಾರಣೆಯಾಗಿ ಅಮೋನಿಯ ಉಳಿಯುತ್ತದೆ. ಅಂಥ ಊರುಗಳಲ್ಲಿರುವವರು ಅಮೋನಿಯವನ್ನೂ ಹಿಡಿದಿಡುವ ದ್ರಾವಣವನ್ನು ಆರಿಸಬೇಕು.

ಉಷ್ಣತೆ ಮತ್ತು ಅನಿಲಗಳು

ಬಿಸಿನೀರು ತಣ್ಣೀರುಗಳ ಮಿಶ್ರಣದ ಲೆಕ್ಕ ವಿದ್ಯಾರ್ಥಿಗಳಿಗೆ ಪರಿಚಿತವೇ. 26 ಡಿಗ್ರಿಯ 30 ಲೀಟರು ನೀರಿಗೆ ಚಳಿಗಾಲದ ಮುಂಜಾನೆಯ 18 ಡಿಗ್ರಿಯ 10 ಲೀಟರು ನೀರನ್ನು ಬೆರಸಿದರೆ ಮಿಶ್ರಣ 24 ಡಿಗ್ರಿಗೆ ಬರುತ್ತದೆ. ಅರ್ಧಕ್ಕರ್ಧ ಬೆರಸಿದರೆ 22 ಡಿಗ್ರಿ. ಮೀನಿಗೆ ತನ್ನದೇ ಆದ ಮೈಕಾವು ಇಲ್ಲದಿರುವುದರಿಂದ ನೀರಿನ ಉಷ್ಣತೆಯೇ ಅದರ ದೇಹದ ಉಷ್ಣತೆ. ಆದುದರಿಂದ ಹೊಸ ನೀರು ತೊಟ್ಟಿಯ ನೀರಿಗಿಂತ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾಗಿರಬಾರದು. ಬಿಸಿನೀರನ್ನು ಬೆರಸಬೇಕಾಗಿ ಬಂದರೆ ಒಂದು ಎಚ್ಚರಿಕೆ ಅಗತ್ಯ. ನಮ್ಮ ಬಚ್ಚಲುಮನೆಗಳ ತಾಮ್ರದ ಹಂಡೆಯಲ್ಲಿ ಕಾದ ನೀರು ಸಲ್ಲದು. ಅತ್ಯಲ್ಪ ಪ್ರಮಾಣದ ತಾಮ್ರವೂ ಮೀನಿಗೆ, ಅದಕ್ಕಿಂತ ಹೆಚ್ಚಾಗಿ ಬಸವನಹುಳುಗಳಿಗೆ ವಿಷ. ಸ್ಟೀಲಿನ ಪಾತ್ರೆಯಲ್ಲಿ ಕಾಯಿಸಿದ ನೀರನ್ನು ಉಪಯೋಗಿಸಬೇಕು.

ನೆಲದಾಳದಿಂದ ಆಗತಾನೆ ಮೇಲೆ ಬಂದ ನೀರಿನಲ್ಲಿ ಆಮ್ಲಜನಕ ಕಡಮೆ, ಇಂಗಾಲದ ಡೈಆಕ್ಸೈಡು ಹೆಚ್ಚು ಇರುವುದು ಸಾಮಾನ್ಯ. ಅದು ಗಾಳಿಗೆ ತೆರೆದು ನಿಂತಾಗ ಹೆಚ್ಚಿನ ಡೈಆಕ್ಸೈಡು ಹೊರಹೋಗಿ ಪಿಎಚ್ ಏರುತ್ತದೆ. ಈ ಏರಿಕೆ ತೊಟ್ಟಿಯಲ್ಲಿ ಆಗುವುದಕ್ಕಿಂತ ಬಕೆಟ್ಟಿನಲ್ಲಿ ಆಗಿಹೋಗುವುದು ಲೇಸು. ಬೆಚ್ಚಗಿನ ನೀರು ಆಮ್ಲಜನಕವನ್ನು ಕಡಮೆ ಹಿಡಿಯುತ್ತದೆಂಬುದನ್ನೂ ಮರೆಯಬಾರದು: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಕರಗಬಲ್ಲ ಆಮ್ಲಜನಕವು 30 ಡಿಗ್ರಿಯಲ್ಲಿ 7.6ಕ್ಕೆ ಇಳಿಯುತ್ತದೆ. ಹೀಗಾಗಿ ನೀರನ್ನು ಒಂದು ಇಡೀ ದಿನ ಗಾಳಿಯಾಡಿಸಿ ಮನೆಯೊಳಗೆ ಇಟ್ಟರೆ ಕ್ಲೋರಿನ್ನು, ಅನಿಲಗಳು, ಉಷ್ಣತೆ ಮೂರೂ ಒಟ್ಟಿಗೆ ಹದಕ್ಕೆ ಬರುತ್ತವೆ. ಯಂತ್ರದಲ್ಲಿ ಸೋಸಿದ ಆರ್‌ಒ ನೀರು ಇನ್ನೂ ಶುದ್ಧವಲ್ಲವೆ ಎಂದು ಕೆಲವರು ಕೇಳುವುದುಂಟು. ಲವಣಗಳನ್ನು ಬಹುಪಾಲು ಕಳೆದುಕೊಂಡ ಆ ನೀರನ್ನು ಒಂದನ್ನೇ ತುಂಬಿದರೆ ಮೀನಿಗೆ ಲವಣಗಳ ಅಭಾವವೂ, ಆಮ್ಲವನ್ನು ತಡೆಯುವ ಶಕ್ತಿಯಿಲ್ಲದ್ದರಿಂದ ಪಿಎಚ್ ಕುಸಿತವೂ ಉಂಟಾಗುತ್ತವೆ. ಬಹಳ ಗಡುಸಾದ ನೀರಿಗೆ ಸ್ವಲ್ಪ ಬೆರಸಲು ಮಾತ್ರ ಅದು ಯೋಗ್ಯ.

ಕೆಲಸದ ಕ್ರಮ

ಮೇಲೆ ಹೇಳಿದ ಸಂಗತಿಗಳನ್ನು ತಿಳಿದಮೇಲೆ ಕೆಲಸದ ಕ್ರಮ ತಾನಾಗಿಯೇ ಹೊಳೆಯುತ್ತದೆ. ಹಿಂದಿನ ದಿನವೇ 10 ಲೀಟರು ನೀರನ್ನು ಹದಗೊಳಿಸಿಡಬೇಕು. ಬಕೆಟ್ಟು ಮೀನಿನ ಕೆಲಸಕ್ಕೆಂದೇ ಮೀಸಲಾಗಿರಬೇಕು. ಸೋಪಿನ ಸೋಂಕು ತಗುಲಿರಬಾರದು. ಕೆಲಸಕ್ಕೆ ತೊಡಗುವ ಮುನ್ನ ಪಂಪು, ದೀಪ, ಹೀಟರುಗಳ ವಿದ್ಯುತ್ತನ್ನು ತಪ್ಪಿಸಿ ಕೈಗಳನ್ನು ಬರಿಯ ನೀರಿನಲ್ಲಿ ತೊಳೆದುಕೊಳ್ಳಬೇಕು. ಮೀನುಗಳನ್ನು ಹೊರತೆಗೆಯಬೇಕಾದುದಿಲ್ಲ, ಬಲೆಯಿಂದ ಅಟ್ಟಿಸಿಕೊಂಡು ಹೋಗುವುದೇ ಅವಕ್ಕೆ ದೊಡ್ಡ ಪೀಡೆ.

ನೀರನ್ನು ತೆಗೆಯಲು ಸೈಫನ್ನಿಗಿಂತ ಉತ್ತಮವಾದ ಸಾಧನವಿಲ್ಲ. ರಬ್ಬರು ಕೊಳವೆಯನ್ನು ನೀರಿನಿಂದ ತುಂಬಿ, ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ ಕೆಳಗಿನ ಖಾಲಿ ಬಕೆಟ್ಟಿಗೂ, ಮತ್ತೊಂದನ್ನು ತೊಟ್ಟಿಯ ನೀರಿನೊಳಕ್ಕೂ ಇಟ್ಟು ಬೆರಳನ್ನು ತೆಗೆದರೆ ನೀರು ತಾನಾಗಿ ಹರಿಯುತ್ತದೆ. ಬಾಯಿಯಿಂದ ಎಳೆಯುವುದು ಆರೋಗ್ಯಕ್ಕೆ ಹಿತವಲ್ಲ. ಹರಿವಿನ ವೇಗ ಎರಡು ಮಟ್ಟಗಳ ಅಂತರವನ್ನು ಅವಲಂಬಿಸುವುದರಿಂದ ಬಕೆಟ್ಟನ್ನು ಮೇಲಕ್ಕೆತ್ತಿ ಅಥವಾ ಕೊಳವೆಯನ್ನು ಹಿಸುಕಿ ವೇಗವನ್ನು ತಗ್ಗಿಸಬಹುದು. ಕೊಳವೆಯ ತುದಿಯನ್ನು ಮರಳಿನ ಮೇಲೆ ಅಲ್ಲಲ್ಲಿ ಆಡಿಸಿದರೆ ಕೆಳಗೆ ಕೂತ ಕಸವೂ ಬಂದುಬಿಡುತ್ತದೆ. ಶೋಧಕದ ಸ್ಪಂಜು ಕಟ್ಟಿಕೊಂಡಿದ್ದರೆ ಹೀಗೆ ಹೊರತೆಗೆದ ತೊಟ್ಟಿಯ ನೀರಿನಲ್ಲಿಯೇ ಒಂದೆರಡು ಸಲ ಮೆಲ್ಲಗೆ ಹಿಂಡಬೇಕು. ಎಂದಿಗೂ ನಲ್ಲಿಯ ಕೆಳಗೆ ಹಿಡಿಯಬಾರದು. ಕೊನೆಗೆ ಹದಗೊಂಡ ನೀರನ್ನು ಹತ್ತು ಹದಿನೈದು ನಿಮಿಷಗಳ ಕಾಲ ಸಣ್ಣ ಧಾರೆಯಾಗಿ ತುಂಬಿ, ಪಂಪನ್ನು ಮತ್ತೆ ಚಾಲೂ ಮಾಡಬೇಕು.

ಹೊಸ ತೊಟ್ಟಿಯ ಮೊದಲ ಆರು ವಾರ ಹೆಚ್ಚು ಜಾಗರೂಕತೆ ಬೇಕು. ಮೀನುಗಳು ಕೆಲವೇ ಇರಲಿ, ಆಹಾರ ಅತ್ಯಲ್ಪವಾಗಿರಲಿ. ಅಮೋನಿಯ, ನೈಟ್ರೈಟುಗಳ ಪರೀಕ್ಷೆಯಲ್ಲಿ ಬಣ್ಣ ಕಾಣಿಸಿದ ದಿನ ಕಾಲುಭಾಗ ನೀರನ್ನು ಬದಲಿಸಬೇಕು. ದಿನಾಲೂ ಬದಲಿಸಬೇಕಾಗಿ ಬಂದರೂ ಬೇಸರಪಡಬಾರದು. ಅಂಗಡಿಯಿಂದ ಮೀನನ್ನು ತರುವುದೂ ನೀರಿನ ಬದಲಾವಣೆಯೇ, ಅದೂ ನೂರಕ್ಕೆ ನೂರು. ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ಅನಂತರ ಸ್ವಲ್ಪಸ್ವಲ್ಪವಾಗಿ ತೊಟ್ಟಿಯ ನೀರನ್ನು ಚೀಲಕ್ಕೆ ಸೇರಿಸಿ, ಬಲೆಯಿಂದ ಮೀನನ್ನು ಮಾತ್ರ ಎತ್ತಿ ಬಿಡಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು.

ಹೊರತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಕಾಗಿಲ್ಲ. ಅದರಲ್ಲಿರುವ ನೈಟ್ರೇಟು ಗಿಡಗಳಿಗೆ ಒಳ್ಳೆಯ ಗೊಬ್ಬರ. ಹಿತ್ತಿಲಿನ ದಾಸವಾಳಕ್ಕೋ ಕುಂಡದ ಕರಿಬೇವಿಗೋ ಹಾಕಬಹುದು. ತೊಟ್ಟಿಗೆ ಉಪ್ಪನ್ನೋ ಔಷಧವನ್ನೋ ಹಾಕಿದ್ದ ವಾರ ಮಾತ್ರ ಬೇಡ.

ನಮ್ಮ ಅಂಕೆಯಲ್ಲಿರುವ ಜೀವಿ ತನಗೆ ಬೇಕಾದ ನೀರನ್ನು ಹುಡುಕಿಕೊಂಡು ಹೋಗಲಾರದು. ಕೆರೆಯ ಮೀನು ಬಿಸಿಲಾದರೆ ಆಳಕ್ಕೆ ಇಳಿಯುತ್ತದೆ, ಒಂದು ಮೂಲೆ ಕೆಟ್ಟರೆ ಇನ್ನೊಂದು ಮೂಲೆಗೆ ಸರಿಯುತ್ತದೆ. ತೊಟ್ಟಿಯ ಮೀನಿಗೆ ನಾವು ಕೊಟ್ಟ 40 ಲೀಟರೇ ಲೋಕ. ವಾರಕ್ಕೆ ಅರ್ಧ ಗಂಟೆ, ಒಂದು ಬಕೆಟ್ಟು, ಒಂದು ಕೊಳವೆ, ಹಿಂದಿನ ದಿನದ ಸ್ವಲ್ಪ ಮುಂದಾಲೋಚನೆ ಇವಿಷ್ಟಿದ್ದರೆ ಆ ಲೋಕವನ್ನು ಸುಸ್ಥಿತಿಯಲ್ಲಿಡಬಹುದು. ತೊಟ್ಟಿಯ ಪಕ್ಕದಲ್ಲಿ ಒಂದು ಪುಸ್ತಕವನ್ನಿಟ್ಟು, ವಾರವಾರವೂ ನೀರಿನ ಉಷ್ಣತೆ, ಪಿಎಚ್, ಬದಲಿಸಿದ ಪ್ರಮಾಣ ಇವನ್ನು ಬರೆದಿಡುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳಸಿಕೊಳ್ಳಲಿ. ಮೀನಿನ ಆರೋಗ್ಯ ಕೆಡುವ ಮೊದಲೇ ನೀರಿನ ವ್ಯತ್ಯಾಸ ಆ ಪುಟಗಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು.